ಪಾಯಿಂಟ್ ಇಲ್ಲದ ಫಿಯೆಟ್

ಮೆಕ್ಯಾನಿಕ್ ರಾಜಾಸಾಬ ಗಾಡಿಯ ಹಳೆಯ ಪಾಯಿಂಟನ್ನು ಬಿಚ್ಚಿ ಅಂಗೈಯಲ್ಲಿಟ್ಟಾಗ, ಇದು ಇಷ್ಟು ಸಣ್ಣದೇ ಎಂದು ದೇವೇಂದ್ರಪ್ಪನಿಗೆ ನಾಚಿಕೆಯಾಯಿತು. ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲ. ಎರಡು ಸಣ್ಣ ತುಟಿಗಳು. ಅವು ಕೂಡಿ ಅಗಲಿದಾಗ ಒಂದು ಕಿಡಿ, ಆ ಕಿಡಿಗೆ ಪೆಟ್ರೋಲು ಹೊತ್ತಿಕೊಂಡು ಗಾಡಿ ಓಡಬೇಕು. ಈ ತುಟಿಗಳು ಕಪ್ಪಾದಾಗಲೆಲ್ಲ ಬಾನೆಟ್ಟಿನ ಕೆಳಗೆ ತಲೆ ತೂರಿಸಿ, ಪಾಲಿಶ್ ಪೇಪರಿನಿಂದ ಉಜ್ಜಿ, ನಡುವಿನ ಸಂದನ್ನು ಹದಕ್ಕೆ ತಂದು ನಿಲ್ಲಿಸುವುದರಲ್ಲಿ ಅವನ ಸಂಸಾರದ ಎಷ್ಟೋ ರವಿವಾರಗಳು ಕಳೆದಿದ್ದವು. ಅವನು ಉಜ್ಜುವಾಗ ಹೆಂಡತಿ ಗುರುಲಿಂಗಮ್ಮ ಬ್ಯಾಟರಿ ಹಿಡಿದು ನಿಲ್ಲುತ್ತಿದ್ದಳು. ಅಷ್ಟೆಲ್ಲ ಬೆಳಕು ಬಿದ್ದದ್ದು ಇದರ ಮೇಲೆಯೇ?

"ಒಗೀಲೇನ್ರಿ ಸಾಹೇಬ್ರ?" ರಾಜಾಸಾಬ ಕೈಚಾಚಿದ.

"ಬ್ಯಾಡ, ಬ್ಯಾಡ," ದೇವೇಂದ್ರಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಅದನ್ನ ಇಟ್ಕೊಂಡು ಏನ್ ಮಾಡ್ತೀರಿ? ಅದರ ಕೆಲಸ ಮುಗೀತು. ಈಗ ಅದು ರಿಟಾಯರ್."

"ನಾನೂ ರಿಟಾಯರ್ ಆಗೇನಿ. ನನ್ನನ್ನೂ ಒಗೀತಿಯೇನು?"

ರಾಜಾಸಾಬ ಅದನ್ನೊಂದು ಪ್ರಶ್ನೆಯೆಂದೇ ತಿಳಿದು ಯೋಚಿಸಿದ. "ನಿಮಗ ಪೆನ್ಶನ್ ಐತಲ್ರಿ," ಎಂದು ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ.

ಗದಗ ರಸ್ತೆಯ ಆ ತಗಡಿನ ಶೆಡ್ಡಿನಲ್ಲಿ ಕೆನೆಬಣ್ಣದ ಫಿಯೆಟ್ಟು ಬಾಯಿ ತೆರೆದು ನಿಂತಿತ್ತು. ಪಾಯಿಂಟನ್ನು ತೆಗೆದು ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಸಾಮಾನು ಕೂಡಿಸಬೇಕೆಂದು ದೇವೇಂದ್ರಪ್ಪ ಹೇಳಿದಾಗಿನಿಂದಲೂ ರಾಜಾಸಾಬನಿಗೆ ಅದು ಮನಸ್ಸಿಲ್ಲದ ಕೆಲಸ. "ಪಾಯಿಂಟ್ ಕೆಟ್ರ ಉಜ್ಜಬಹುದು, ಬೈಬಹುದು. ಇದು ಕೆಟ್ರ ಏನ್ ಬೈತೀರಿ? ಇದಕ್ಕ ನಮ್ಮ ಮಾತs ತಿಳಿಯಾಂಗಿಲ್ರಿ," ಅಂದಿದ್ದ. ಆದರೂ ತರಿಸಿದ್ದ. ಈಗ ಮಾತ್ರ ತಾನೇ ಅದನ್ನು ಹೆತ್ತವನಂತೆ ತೋರಿಸುತ್ತಿದ್ದ. "ಇಲ್ಲಿ ನೋಡ್ರಿ, ಇದು ಕಣ್ಣು. ಮ್ಯಾಲಿನ ಈ ಬಿಲ್ಲಿ ತಿರುಗಿದಾಗ ಕಣ್ಣು ಮುಚ್ಚಿ ತೆರದಂಗ ಆಗತೈತಿ. ತೆರದಾಗೊಮ್ಮೆ ಕಿಡಿ. ಒಂದಕ್ಕೊಂದು ತಾಗೂದs ಇಲ್ಲ, ಸವಿಯೂದs ಇಲ್ಲ. ಇನ್ನ ಇದನ್ನ ನೀವು ಬಿಚ್ಚೂ ಕಾರಣ ಇಲ್ಲ."

ಬಿಚ್ಚುವ ಕಾರಣವಿಲ್ಲ. ದೇವೇಂದ್ರಪ್ಪ ತಲೆಯಾಡಿಸಿದ. ಬೇಕಾದದ್ದು ಅದೇ. ನಾಳೆ ಹೆಂಡತಿಯ ತವರಾದ ಬೇವೂರಿಗೆ ಹೋಗಬೇಕು. ಗುರುಲಿಂಗಮ್ಮ ತೀರಿಕೊಂಡು ವರ್ಷವಾಗಿತ್ತು. ಕೊಪ್ಪಳದ ಮನೆಯಲ್ಲಿ ಅಯ್ಯಗಳ ಪಾದಪೂಜೆ, ಪ್ರಸಾದ ಎಲ್ಲ ಮುಗಿದಿದ್ದವು. ಆದರೆ ಅವಳ ತಮ್ಮ ಉಮಾಪತಿ ಫೋನು ಮಾಡಿ, "ನಮ್ಮಕ್ಕಗ ತವರಮನ್ಯಾಗೂ ಒಂದು ಎಡಿ ಆಗ್ಬೇಕ್ರಿ ಮಾವಾರ. ಫೋಟೋ ತಗೊಂಡು ಬರ್ರಿ. ಗಾಡಿ ದಬ್ಬಾಕ ಮಂದೀನ್ನ ನಾ ಹೇಳಿಟ್ಟಿರ್ತೀನಿ," ಎಂದಿದ್ದ. ಕಡೆಯ ಮಾತನ್ನು ಅವನು ನಗುತ್ತಲೇ ಹೇಳಿದ್ದ. ಸತ್ತವಳ ಎಡೆಯ ಮಾತಿಗೂ ಅದು ಅಂಟಿಕೊಂಡೇ ಬಂತಲ್ಲ ಎಂದು ದೇವೇಂದ್ರಪ್ಪನಿಗೆ ಆ ದಿನ ಊಟ ಸೇರಲಿಲ್ಲ. ಕೊಪ್ಪಳದಲ್ಲಿ, ಗಂಗಾವತಿಯಲ್ಲಿ, ಮರಳಿಯ ಗದ್ದೆಗಳ ನಡುವೆ ಕೆಸರಿನಲ್ಲಿ ನಿಂತಾಗಲೂ, ಚಾವಿ ತಿರುವಿದರೆ ಎರಡನೆಯ ಸಲಕ್ಕೆ ಚಾಲೂ ಆಗುತ್ತಿದ್ದ ಗಾಡಿ ಬೇವೂರಿನಲ್ಲಿ ಮಾತ್ರ ಹಟ ಹಿಡಿಯುತ್ತಿತ್ತು. ಬರುವಾಗ ಛಲೋ ಬರುತ್ತಿತ್ತು. ಊಟ ಮಾಡಿ, ಮಧ್ಯಾಹ್ನ ಒಂದು ನಿದ್ದೆ ತೆಗೆದು, ಹೊರಡೋಣವೆಂದು ಕುಳಿತರೆ ಮುಲುಕುತ್ತಿತ್ತು, ಅಷ್ಟೆ. ಆಗ ಉಮಾಪತಿ ಓಣಿಗೆಲ್ಲ ಕೇಳುವಂತೆ, "ಬರ್ರಿ, ಬರ್ರಿ, ಮಾವಾರ ಗಾಡಿ ಕರಿಯಾಕತ್ತೈತಿ!" ಎಂದು ಕೂಗುತ್ತಿದ್ದ. ಹೆಂಗಸರು ಹಿಂದೆ ಕೈ ಹಚ್ಚುತ್ತಿದ್ದರು. ಗುರುಲಿಂಗಮ್ಮ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಇಟ್ಟು, ಇಳಿದು, ಇಳಕಲ್ಲ ಸೀರೆಯ ಸೆರಗು ಬಿಗಿದು ಅವರ ನಡುವೆ ಹೋಗಿ ನಿಲ್ಲುತ್ತಿದ್ದಳು. ತಹಶೀಲ ಕಚೇರಿಯಲ್ಲಿ ಮೇಜಿನ ಮುಂದೆ ಜನ ಕೈಕಟ್ಟಿ ನಿಲ್ಲುತ್ತಿದ್ದ ಶಿರಸ್ತೇದಾರ ದೇವೇಂದ್ರಪ್ಪ ಸ್ಟಿಯರಿಂಗ್ ಹಿಡಿದು, ಎದುರಿಗೆ ಮಾತ್ರ ನೋಡುತ್ತ, ಹೆಂಡತಿಯಿಂದ ದಬ್ಬಿಸಿಕೊಳ್ಳುತ್ತ ಹನುಮಪ್ಪನ ಗುಡಿಯ ಇಳಿಜಾರಿನ ತನಕ ಹೋಗುತ್ತಿದ್ದ. ಆ ಓಣಿಯ ಮಕ್ಕಳು ಅವನಿಗೆ ಇಟ್ಟ ಹೆಸರು ದಬ್ಬೂಮಾಮ.

ಹೆಸರಿನದು ಹಾಗಿರಲಿ. ಒಮ್ಮೆ ಕನ್ನಡಿಯಲ್ಲಿ ಅವಳು ಕಂಡಿದ್ದಳು. ಗಾಡಿ ಚಾಲೂ ಆಗಿ ಹೊಗೆ ಕಾರಿತ್ತು. ಆ ಹೊಗೆಯೊಳಗೆ ಗುರುಲಿಂಗಮ್ಮ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಓಡಿ ಬಂದು ಪಕ್ಕಕ್ಕೆ ಕುಳಿತಾಗ ಮುಖ ಕೆಂಪಾಗಿತ್ತು, ಮಾತಾಡಲಿಲ್ಲ. ಅವನೂ ಕೇಳಲಿಲ್ಲ. ತವರಿನ ಮಂದಿಯ ಮುಂದೆ ಇಷ್ಟು ಅವಮಾನ ಮಾಡಿಸಿದೆನಲ್ಲ ಎಂಬುದು ಅಂದು ಹೊಕ್ಕು ಕುಳಿತದ್ದು ಎದ್ದುಹೋಗಲೇ ಇಲ್ಲ. ಕಡೆಗೆ ದವಾಖಾನೆಯ ಮಂಚದ ಮೇಲೆ ಮಲಗಿ ಒಂದು ಸಂಜೆ ಅವಳು, ಬೇರೆ ಏನೋ ಮಾತಿನ ನಡುವೆ, "ನಮ್ಮ ಗಾಡಿ ಬೇವೂರಾಗ ಎಷ್ಟ ದಬ್ಬಿಸಿಕೊಂತು ನೋಡ್ರಿ," ಎಂದು ಗೋಡೆಯ ಕಡೆಗೆ ಮಗ್ಗುಲಾದಳು. ಬೆನ್ನು ಅಲುಗುತ್ತಿತ್ತು. ದೇವೇಂದ್ರಪ್ಪ ಮುಸಂಬಿ ಸುಲಿಯುತ್ತಿದ್ದವನು ಸುಲಿಯುತ್ತಲೇ ಇದ್ದ. ಆ ಬೆನ್ನಿಗೆ ಏನು ಉತ್ತರ ಹೇಳಬೇಕಿತ್ತೋ ಅದನ್ನೇ ಈಗ ರಾಜಾಸಾಬನ ಕೈಯಿಂದ ಗಾಡಿಯಲ್ಲಿ ಕೂಡಿಸುತ್ತಿದ್ದ. ನಾಳೆ ಅವಳು ಫೋಟೋದಲ್ಲಿಯಾದರೂ ಮುಂದಿನ ಸೀಟಿನಲ್ಲಿ ಕುಳಿತು, ಯಾರ ಕೈಯೂ ತಾಗದೆ, ತವರಿನ ಓಣಿ ದಾಟಬೇಕು.

"ಆ ಕಾರ್ಡು ತಗೀರಿ ಸಾಹೇಬ್ರ, ಕೈಗೆ ಅಡ್ಡ ಬರತೈತಿ," ರಾಜಾಸಾಬ ಬಾನೆಟ್ಟಿನ ಅಂಚಿಗೆ ಸಿಕ್ಕಿಸಿದ್ದ ಕಾಗದದ ಚೂರನ್ನು ತೋರಿಸಿದ. ಅದು ಉಮಾಪತಿಯ ಲಗ್ನದ ಕಾರ್ಡು. ಪಾಯಿಂಟಿನ ಸಂದನ್ನು ಅಳೆಯಲು ಪೇಟೆಯಲ್ಲಿ ಉಕ್ಕಿನ ಪಟ್ಟಿ ಸಿಗುತ್ತದೆ. ಆದರೆ ದೇವೇಂದ್ರಪ್ಪ ಮನೆಗೆ ಬರುವ ಲಗ್ನದ ಕಾರ್ಡುಗಳಲ್ಲಿಯೇ ಒಂದನ್ನು ಕತ್ತರಿಸಿ ಸಂದಿಗೆ ತೂರಿಸಿ ನೋಡುವವನು. ತಾಗಿಯೂ ತಾಗದಂತೆ ಹೊರಗೆ ಬಂದರೆ ಹದ ಸರಿ. ಗಂಗಾವತಿಯ ಅಕ್ಕಿ ಮಿಲ್ಲಿನವರ ಕಾರ್ಡು ಬಂಗಾರದ ಅಂಚಿನದು, ದಪ್ಪ. ಅದರ ಅಳತೆಗೆ ಕೂಡಿಸಿದಾಗ ಗಾಡಿ ಹಿಟ್ನಾಳದ ತನಕವೂ ಹೋಗಿರಲಿಲ್ಲ. "ಶ್ರೀಮಂತರ ಲಗ್ನ ನಮ್ಮ ಗಾಡಿಗೆ ಒಗ್ಗೂದಿಲ್ರಿ," ಅಂದಿದ್ದಳು ಗುರುಲಿಂಗಮ್ಮ. ಎಲ್ಲ ನೋಡಿ ಕಡೆಗೆ ಹದವಾಗಿ ಕೂತದ್ದು ಅವಳ ತಮ್ಮನ ಲಗ್ನದ ಬಡ ಕಾರ್ಡು. ಸವೆದು ಸವೆದು ಈಗ ಅದರಲ್ಲಿ ವರನ ಹೆಸರು ಹೋಗಿ 'ಚಿ. ಸೌ. ಮಹೇಶ್ವ' ಎಂಬಷ್ಟೇ ಉಳಿದಿತ್ತು. ದೇವೇಂದ್ರಪ್ಪ ಅದನ್ನೂ ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಅಂಗಳಕ್ಕೆ ಬಂದಾಗ ಅವನಿಗೆ ಒಂದು ಕಳವಳ ಶುರುವಾಯಿತು. ಮನೆಗೆ ಬಂದ ಯಾವ ಹೊಸ ವಸ್ತುವೂ ವಿಭೂತಿ ಇಲ್ಲದೆ ಕೆಲಸಕ್ಕೆ ಇಳಿದದ್ದಿಲ್ಲ. ಮಿಕ್ಸರಿಗೆ ಹಚ್ಚಿದ್ದರು, ನೀರಿನ ಮೋಟಾರಿಗೆ ಹಚ್ಚಿದ್ದರು. ಮಗ ರುದ್ರೇಶ ತನ್ನ ಔಷಧಿ ಅಂಗಡಿಗೆ ಕಂಪ್ಯೂಟರು ತಂದಾಗ ಗುರುಲಿಂಗಮ್ಮ ಅದರ ಪರದೆಗೇ ಮೂರು ಬೆರಳು ಎಳೆದಿದ್ದಳು. ಇದಕ್ಕೆ ಮಾತ್ರ ನಿನ್ನೆ ಸಂಜೆ ಏನೂ ಆಗಲಿಲ್ಲ. ಹೊರಗೆ ಬಾನೆಟ್ಟಿಗೆ ಹಚ್ಚಬಹುದು. ಆದರೆ ಬಾನೆಟ್ಟು ಹಳೆಯದು, ಅದಕ್ಕೆ ಈಗಾಗಲೇ ಬೇಕಾದಷ್ಟು ಆಗಿದೆ. ಹೊಸದು ಇರುವುದು ಒಳಗೆ. ಅವನು ಅತ್ತಿತ್ತ ನೋಡಿ, ಬಾನೆಟ್ಟು ಎತ್ತಿ, ಅದು ಕೂತಿದ್ದ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಎರಡು ಕೊಂಡಿ ಬಿಡಿಸಿದ. ಹೊಸ ಬಿಲ್ಲೆ ಹೊಳೆಯುತ್ತಿತ್ತು. 'ಶಿವಾ, ಇವತ್ತೊಂದು ದಿನ' ಎಂದು ಚಿಟಿಕೆ ವಿಭೂತಿ ಉದುರಿಸಿದ. ಕಡಿಮೆಯಾಯಿತೇನೋ ಅನ್ನಿಸಿ ಇನ್ನೊಂದು ಚಿಟಿಕೆ ಉದುರಿಸಿದ. ಮುಚ್ಚಳ ಹಾಕಿದ.

"ಅಪ್ಪಾ, ನಮ್ಮ ಗಾಡ್ಯಾಗs ಬರ್ರಿ," ರುದ್ರೇಶ ತನ್ನ ಬಿಳಿಯ ಹೊಸ ಕಾರಿನಿಂದ ತಲೆ ಹೊರಹಾಕಿ ಕರೆದ. ಅದಕ್ಕೆ ಚಾವಿಯೇ ಇಲ್ಲ, ಗುಂಡಿ ಒತ್ತಿದರೆ ಸಾಕು. ದೇವೇಂದ್ರಪ್ಪನಿಗೆ ಆ ಗಾಡಿಯಲ್ಲಿ ಕುಳಿತಾಗಲೆಲ್ಲ ಯಾರದೋ ಸೋಫಾದ ಮೇಲೆ ಕುಳಿತು ಕಾಯುತ್ತಿರುವ ಹಾಗೆ ಅನ್ನಿಸುತ್ತಿತ್ತು.

"ನೀವು ಮುಂದ ನಡೀರಿ. ನಾವು ಬರ್ತೀವಿ."

ನಾವು ಅಂದದ್ದು ಕೇಳಿ ರುದ್ರೇಶ ಮಾತು ಬೆಳೆಸದೆ ಹೊರಟುಹೋದ. ದೇವೇಂದ್ರಪ್ಪ ಫೋಟೋವನ್ನು ಮುಂದಿನ ಸೀಟಿನಲ್ಲಿ ನಿಲ್ಲಿಸಿದ. ಅದು ಬೀಳತೊಡಗಿತು. ಶಾಲು ಸುತ್ತಿ ಸೀಟಿಗೆ ಕಟ್ಟಿದ. ಆಗ ಮುಖದ ಮೇಲೆಯೇ ಗಂಟು ಬಂತು. ಬಿಚ್ಚಿ, ಕ್ಷಮೆ ಕೇಳಿ, ಕೊರಳಿನ ಕೆಳಗೆ ಕಟ್ಟಿದ. ಚಾವಿ ತಿರುವಿದ. ಗಾಡಿ ಕೆಮ್ಮಲಿಲ್ಲ, ಕೊಸರಲಿಲ್ಲ. ಕರೆದೊಡನೆ ಓ ಅಂದಿತು. ಅವನು ಗಾಬರಿಯಾಗಿ ಕಾಲು ತೆಗೆದುಬಿಟ್ಟ.

ಹೆದ್ದಾರಿಗೆ ಬಂದಮೇಲೆ ಒಂದು ಬಗೆಯ ಸೊಕ್ಕು ಏರಿತು. ಎಂದೂ ಹಾಕದ ವೇಗ ಹಾಕಿದ. ಸೂರ್ಯಕಾಂತಿ ಹೂಗಳೆಲ್ಲ ಒಂದೇ ಕಡೆಗೆ ನೋಡುತ್ತಿದ್ದವು, ನೋಡಲಿ. ಉಮಾಪತಿಯ ಮುಖ ಹೇಗಾಗಬಹುದು ಎಂದು ಬಗೆಬಗೆಯಾಗಿ ಮಾಡಿ ನೋಡಿದ. ಬಾಯಿ ತೆರೆದ ಉಮಾಪತಿ, ಬಾಯಿ ಮುಚ್ಚಿದ ಉಮಾಪತಿ. 'ಯಾಕಪಾ, ಮಂದೀನ್ನ ಕರಸೀಯಲ್ಲ, ಈಗ ಅವರಿಗೆ ಏನ್ ಕೆಲಸ ಕೊಡ್ತಿ?' ಎಂದು ಕೇಳಬೇಕು. ಇಲ್ಲ, ಏನೂ ಕೇಳಬಾರದು. ಸುಮ್ಮನೆ ಹೋಗಬೇಕು. ದುಃಖದ ಮನೆಗೆ ಹೊರಟು ಇಂಥ ಯೋಚನೆ ಮಾಡುತ್ತಿದ್ದೇನಲ್ಲ ಎಂದು ಫೋಟೋದ ಕಡೆಗೆ ಕಳ್ಳನೋಟ ಹಾಕಿದ. ಅವಳು ಸ್ಟುಡಿಯೋದವನು ಹೇಳಿದಂತೆ ನೆಟ್ಟಗೆ ನೋಡುತ್ತಿದ್ದಳು. ಹಿಟ್ನಾಳದ ಟೋಲಿನ ಸಾಲಿನಲ್ಲಿ ನಿಂತಾಗ ಗಾಡಿ ಒಮ್ಮೆ ಸೀನಿತು. ಮತ್ತೊಮ್ಮೆ ಸೀನಿತು. ನಿಂತೇಬಿಟ್ಟಿತು.

ಹಿಂದಿದ್ದ ಲಾರಿ ಹಾರ್ನು ಬಾರಿಸಿತು. ಅದರ ಹಿಂದಿನದು, ಅದರ ಹಿಂದಿನದು. ಲಾರಿಯವನೂ ಕ್ಲೀನರನೂ ಇಳಿದು ಬಂದು, ಕೇಳುವ ಗೋಜಿಗೂ ಹೋಗದೆ, ದಬ್ಬಿ ಬದಿಗೆ ನಿಲ್ಲಿಸಿದರು. "ಅಜ್ಜಾರ, ಇದನ್ನ ಮನ್ಯಾಗ ಇಟ್ಟು ಪೂಜಿ ಮಾಡ್ರಿ," ಎಂದು ಹೇಳಿ ಹೋದರು. ದೇವೇಂದ್ರಪ್ಪ ರಾಜಾಸಾಬನಿಗೆ ಫೋನು ಹಚ್ಚಿದ.

"ಮುಚ್ಚಳ ತಗದು ನೋಡ್ರಿ. ಒಳಗ ಏನ್ ಕಾಣತೈತಿ?"

"ಎಲ್ಲಾ ಬೆಳ್ಳಗ ಆಗೇತಿ."

"ಬೆಳ್ಳಗ? ಪೌಡರ್ ಹಾಕೀರೇನ್ರಿ?"

"ಪೌಡರಲ್ಲೋ. ವಿಭೂತಿ."

"ಸಾಹೇಬ್ರ," ರಾಜಾಸಾಬ ಬಹಳ ಮರ್ಯಾದೆಯಿಂದ ಹೇಳಿದ, "ನೀವು ವಿಭೂತಿ ಹಚ್ಚೂದು ಹಣಿಗೋ ಕಣ್ಣಿಗೋ?"

"ಹಣಿಗೆ."

"ಅಲ್ಲೂ ಹಂಗs ಮಾಡಬೇಕಿತ್ತಲ್ರಿ. ಪಾಪ, ಅದರ ಕಣ್ಣಾಗs ಹಾಕೀರಿ. ಒರಸ್ರಿ, ಒರಸ್ರಿ. ಕುರುಡಾಗೇತಿ."

ಒರೆಸುವುದು ಅಷ್ಟು ಸುಲಭವಿರಲಿಲ್ಲ. ವಿಭೂತಿಯನ್ನು ಕಸದಂತೆ ಒರೆಸಿ ಒಗೆಯುವುದು ಹೇಗೆ? ಧೋತರದ ಚುಂಗಿನಿಂದ ಸೂಕ್ಷ್ಮವಾಗಿ ತೆಗೆದು ನೋಡಿದ. ಎಣ್ಣೆಯ ಜಿಡ್ಡಿನೊಂದಿಗೆ ಕೂಡಿ ಅದು ಬೆರಳಿಗೆ ಹತ್ತಿತ್ತು. ಕೆಳಗೆ ಉದುರಿಸಲು ಮನಸ್ಸು ಬಾರದೆ ಹಣೆಗೆ ಹಚ್ಚಿಕೊಂಡ. ಮತ್ತಷ್ಟು ಬಂತು, ಅದನ್ನೂ ಹಚ್ಚಿಕೊಂಡ. ಕಣ್ಣು ಶುದ್ಧವಾಯಿತು. ಗಾಡಿ ಚಾಲೂ ಆಯಿತು.

ಬೇವೂರಿನ ಓಣಿಯಲ್ಲಿ ಇಳಿದಾಗ ಉಮಾಪತಿ ಮೊದಲು ನೋಡಿದ್ದು ಗಾಡಿಯನ್ನಲ್ಲ. "ಮಾವಾರ! ಇದೇನ್ರಿ ಹಣಿ ಮ್ಯಾಲೆ? ಗ್ರೀಸ್ ಧರಿಸಾಕ ಯಾವಾಗಿಂದ ಹಿಡದೀರಿ?" ರುದ್ರೇಶ ಮುಖ ತಿರುಗಿಸಿಕೊಂಡ. ದೇವೇಂದ್ರಪ್ಪ ಕನ್ನಡಿಯಲ್ಲಿ ನೋಡಿಕೊಂಡ. ಮೂರು ಕಪ್ಪು ಪಟ್ಟೆ, ಒಪ್ಪವಾಗಿ, ಕಿವಿಯಿಂದ ಕಿವಿಗೆ. ಹಿತ್ತಲಿಗೆ ಹೋಗಿ ಸಬಕಾರ ಹಚ್ಚಿ ತೊಳೆದರೂ ನೆರಳು ಉಳಿಯಿತು. ಆ ನೆರಳಿನೊಂದಿಗೇ ಎಡೆಯ ಮುಂದೆ ಕುಳಿತ. ಹೋಳಿಗೆ, ತುಪ್ಪ, ಅವಳಿಗೆ ಸೇರುತ್ತಿದ್ದ ಪುಂಡಿಪಲ್ಯ. ಅಯ್ಯಗಳು ಮಂತ್ರ ಹೇಳುವಾಗ ಕಣ್ಣು ಮುಚ್ಚಿದರೆ ಕಣ್ಣಿಗೆ ಬಂದದ್ದು ಬಿಲ್ಲೆ. ಮುಚ್ಚಿ ತೆರೆಯುವುದು, ಮುಚ್ಚಿ ತೆರೆಯುವುದು. ಶಿವಶಿವಾ ಎಂದು ತಲೆ ಕೊಡವಿದ.

ಊಟದ ನಂತರ ಉಮಾಪತಿಯ ಹೆಂಡತಿ ಮಹೇಶ್ವರಿ ಪಡಸಾಲೆಗೆ ಎಲೆಯಡಿಕೆ ತಂದಳು. ಉಮಾಪತಿ ಒಳಗೆ ಗೊರಕೆ ಹೊಡೆಯುತ್ತಿದ್ದ. "ಅಣ್ಣಾರ, ಹಣಿ ಹಂಗ ಹೆಂಗಾತ್ರಿ?" ಎಂದು ಮೆಲ್ಲಗೆ ಕೇಳಿದಳು. ಅವಳು ನಗುವುದಿಲ್ಲ ಎಂಬ ಧೈರ್ಯದಿಂದ ದೇವೇಂದ್ರಪ್ಪ ಎಲ್ಲ ಹೇಳಿದ. ಪಾಯಿಂಟು ತೆಗೆಸಿದ್ದು, ಕಣ್ಣು ಕೂಡಿಸಿದ್ದು, ವಿಭೂತಿ. ವಿಭೂತಿಯ ಮಾತಿಗೆ ಬಂದಾಗ ಮಹೇಶ್ವರಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಂತರ ಕಂಬ ಹಿಡಿದುಕೊಂಡಳು. ನಂತರ ಕುಳಿತೇಬಿಟ್ಟಳು.

"ನೀವೂ ಹಾಕಿದ್ರೇನ್ರಿ? ನೀವೂ?" ಉಸಿರು ಸಿಕ್ಕಾಗ ಕೇಳಿದಳು.

"ನಾನೂ ಅಂದ್ರ?"

"ಅಕ್ಕಾರೂ ಹಾಕತಿದ್ರಲ್ರಿ! ಈಗ ಹೇಳಿದ್ರ ಏನ್ ತಪ್ಪು... ನೀವು ಉಂಡು ಮಲಗಿದ ಕೂಡ್ಲೆ ಅಕ್ಕಾರು ಹೋಗಿ ಆ ಮುಚ್ಚಳ ಬಿಚ್ಚಿ ಒಂದು ಚಿಟಿಕಿ ಒಳಗ ಹಾಕತಿದ್ರು. ಬ್ಯಾಟರಿ ಹಿಡದು ಹಿಡದು ಅವರಿಗೆಲ್ಲಾ ಗೊತ್ತಿತ್ತಲ್ರಿ. ನಾ ಬಾಗಲಾ ಕಾಯ್ತಿದ್ದೆ. 'ಭಾಳ ಬ್ಯಾಡ, ದಬ್ಬಿದ್ರ ಚಾಲೂ ಆಗೂವಷ್ಟು ಇರ್ಲಿ' ಅಂತಿದ್ರು."

ದೇವೇಂದ್ರಪ್ಪನ ಕೈಯಲ್ಲಿ ಎಲೆ ಹಾಗೆಯೇ ಉಳಿಯಿತು. ಬೇವೂರಿಗೆ ಹೋಗಿ ಬಂದಾಗಲೆಲ್ಲ ಪಾಯಿಂಟಿನ ಮೇಲೆ ಇರುತ್ತಿದ್ದ ಬಿಳಿಯ ಹುಡಿ. ಈ ಊರಿನ ನೆಲವೇ ಸುಣ್ಣದ್ದು, ಧೂಳು ಕೆಟ್ಟದ್ದು ಎಂದು ಎಷ್ಟು ವರ್ಷ ಬೈದಿದ್ದ. ಬೈಯುವಾಗ ಬ್ಯಾಟರಿಯ ಬೆಳಕು ಸ್ವಲ್ಪ ಅಲುಗುತ್ತಿತ್ತು. ಕೈ ನೋಯುತ್ತಿರಬೇಕು ಎಂದುಕೊಂಡಿದ್ದ.

"ಯಾಕ?" ಎಂದ. ಸ್ವರ ಕಚೇರಿಯಲ್ಲಿ ಕೇಳಿದಂತೆ ಬಂತು.

"ಇಲ್ಲಿ ಹಿರ್ಯಾರ ಮುಂದ ಮಾತಾಡಾಕ ಎಲ್ಲಿ ಬರ್ತಿತ್ರಿ? ಬಂದಾಗಿಂದ ಅಡಗಿ, ಬಡಸೂದು, ಮುಸುರಿ. ಗಾಡಿ ಹಿಂದ ನಾವು ನಾವs. ಗುಡೀತನಕ ಎಲ್ಲಾ ಮಾತಾಡಿ ಮುಗಸೂದು. ಅತ್ತಿ ಮಾತು, ಗಂಡನ ಮಾತು... ನಗೂದಂದ್ರ ನಗೂದು. ಅಕ್ಕಾರು ಕಣ್ಣೀರು ಬರೂವಷ್ಟು ನಗತಿದ್ರು. ನೀವು ಮುಂದ ನೆಟ್ಟಗ ಕುಂತಿರ್ತಿದ್ರಿ, ಸಾಹೇಬ್ರಂಗ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಪ್ಪು ತಿಳ್ಕೋಬ್ಯಾಡ್ರಿ."

ತಿಳಿದುಕೊಳ್ಳುವುದಾದರೂ ಏನನ್ನು? ಸಿಟ್ಟು ಬರಬೇಕಿತ್ತು, ಬರುತ್ತದೇನೋ ಎಂದು ಕಾದ. ದವಾಖಾನೆಯಲ್ಲಿ ಗೋಡೆಯ ಕಡೆಗೆ ತಿರುಗಿದ ಆ ಬೆನ್ನು ಕಣ್ಣ ಮುಂದೆ ಬಂತು. ಅಲುಗುತ್ತಿದ್ದ ಬೆನ್ನು. ತಾನು ಸುಲಿದ ಆ ಮುಸಂಬಿ.

ಬಿಸಿಲು ಇಳಿದಾಗ ಹೊರಟರು. ರುದ್ರೇಶನ ಗಾಡಿ ಗುಂಡಿ ಒತ್ತಿಸಿಕೊಂಡು ಸದ್ದಿಲ್ಲದೆ ಹೋಯಿತು. ದೇವೇಂದ್ರಪ್ಪ ಫೋಟೋವನ್ನು ಸೀಟಿಗೆ ಕಟ್ಟಿ, ಸ್ಟಿಯರಿಂಗಿಗೆ ಕುಳಿತು ನೋಡಿದರೆ, ಯಾರೂ ಕರೆಯದಿದ್ದರೂ ಮಹೇಶ್ವರಿಯೂ ಓಣಿಯ ಹೆಂಗಸರೂ ಹಿಂದೆ ಬಂದು ನಿಂತಿದ್ದರು. ಉಮಾಪತಿ ಅಂಗಿಯ ತೋಳು ಮಡಿಚಿ ಕಿಟಕಿಯ ಚೌಕಟ್ಟಿಗೆ ಕೈಯಿಟ್ಟಿದ್ದ. "ಹೂಂ, ಮಾವಾರ! ಒಮ್ಮೆ ಮುಲುಕಿಸ್ರಿ, ಶಾಸ್ತ್ರಕ್ಕ."

ಚಾವಿ ತಿರುವಿದ. ಗಾಡಿ ಓ ಅಂದಿತು.

ಉಮಾಪತಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ದಾರಿಯಲ್ಲಿ ಊಹಿಸಿದ್ದಕ್ಕಿಂತಲೂ ಛಲೋ ತೆರೆದಿತ್ತು. ಆದರೆ ದೇವೇಂದ್ರಪ್ಪ ಅದನ್ನು ನೋಡುವುದರೊಳಗೆ ಕನ್ನಡಿ ನೋಡಿದ್ದ. ಅಲ್ಲಿ ಹೆಂಗಸರು ಮುಂದೆ ಚಾಚಿದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದರು. ಮಹೇಶ್ವರಿ ತನ್ನ ಅಂಗೈಗಳನ್ನು ಸೀರೆಗೆ ಒರೆಸಿಕೊಂಡು ಹಿಂದಕ್ಕೆ ಸರಿದಳು. ತನ್ನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದಳು. ಬಿಟ್ಟಿದ್ದು ಅವಳಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ದೇವೇಂದ್ರಪ್ಪ ಚಾವಿ ಹಿಂದಕ್ಕೆ ತಿರುವಿದ. ಗಾಡಿ ನಿಂತಿತು.

"ಯಾಕ್ರಿ?"

"ಯಾಕೋ ನಿಂತುಬಿಡ್ತು ನೋಡಪಾ." ಅವನು ಎರಡು ಸಲ ಬರಿದೇ ಏನನ್ನೋ ಒತ್ತಿದ. ಎಡೆ ಮಾಡಿ ಬಂದ ಬಾಯಲ್ಲಿ ಸುಳ್ಳು. ಹಣೆಯ ಮೇಲಿನ ಕಪ್ಪು ನೆರಳು ಉರಿದಂತಾಯಿತು. "ಆಗ್ವಲ್ದು."

ಉಮಾಪತಿಗೆ ಜೀವ ಬಂತು. "ರುದ್ರೇಶ ಹೇಳಿದ್ನಲ್ರಿ, ಎಲೆಕ್ಟ್ರಾನಿಕ್ಕಂತ, ಎಲೆಕ್ಟ್ರಾನಿಕ್ಕು! ಬರ್ರೆವ್ವಾ, ಬರ್ರಿ! ಮಾವಾರ ಗಾಡಿ ಕರಿಯಾಕತ್ತೈತಿ!"

"ಉಮಾಪತಿ, ನೀ ಇಲ್ಲಿ ಕುಂದರು," ದೇವೇಂದ್ರಪ್ಪ ಬಾಗಿಲು ತೆರೆದು ಇಳಿದ.

"ನಾನಾ? ಮತ್ತ ನೀವು?"

ದೇವೇಂದ್ರಪ್ಪ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಇಟ್ಟ. ಧೋತರ ಎತ್ತಿ ಕಟ್ಟಿ ಹಿಂದಕ್ಕೆ ಹೋದ. ಡಿಕ್ಕಿಯ ಅಂಚಿನಲ್ಲಿ ಕೆನೆಬಣ್ಣ ಹೋಗಿ ತಗಡು ನುಣ್ಣಗಾಗಿತ್ತು. ಇಷ್ಟು ವರ್ಷ ಗಾಡಿ ತೊಳೆದವನು ಇದನ್ನು ಕಂಡು ಬಣ್ಣ ಹೊಡೆಸಬೇಕು ಎಂದಷ್ಟೇ ಯೋಚಿಸಿದ್ದ. ಮಹೇಶ್ವರಿಯ ಪಕ್ಕದ ಜಾಗದಲ್ಲಿ ನಿಂತು ಆ ನುಣುಪಿನ ಮೇಲೆ ಅಂಗೈಯಿಟ್ಟ. ಬಿಸಿಲಿಗೆ ಬೆಚ್ಚಗಿತ್ತು. ದಬ್ಬಿದರು. ಗಾಡಿ ಹೊರಟಿತು.

ಹೆಂಗಸರು ತುಟಿ ಬಿಗಿಹಿಡಿದು ನೆಲ ನೋಡುತ್ತ ನಡೆದರು. ಸಾಹೇಬರು ಪಕ್ಕದಲ್ಲಿದ್ದರೆ ಏನು ಮಾತು? ಅವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮಾತಾಡ್ರವಾ," ಎಂದ, ಏದುಸಿರಿನ ನಡುವೆ. "ನಾ ಕೇಳಿಸ್ಕೊಳ್ಳಾಂಗಿಲ್ಲ."

ಯಾರೋ ಕಿಸಕ್ಕೆಂದರು. ಆಮೇಲೆ ಮಹೇಶ್ವರಿ, ತಗ್ಗಿದ ದನಿಯಲ್ಲಿ, ಮುಂದೆ ನೆಟ್ಟಗೆ ಕುಳಿತ ತನ್ನ ಗಂಡನ ಗೊರಕೆಯ ಮಾತು ತೆಗೆದಳು. ಎಮ್ಮೆ ಬೆದರಿ ಹಗ್ಗ ಹರಿದುಕೊಂಡು ಹೋದ ಕಥೆ. ದೇವೇಂದ್ರಪ್ಪನ ಕೈ ಜಾರಿತು, ಹೊಟ್ಟೆ ಹಿಡಿದುಕೊಂಡ, ಮತ್ತೆ ಓಡಿ ಕೈ ಹಚ್ಚಿದ. ಕಣ್ಣು ಮಂಜಾಗಿ ಹನುಮಪ್ಪನ ಗುಡಿ ಎರಡೆರಡು ಕಂಡಿತು. ಇಳಿಜಾರು ಬಂದೇಬಿಟ್ಟಿತು.

"ಚಾವಿ ತಿರುವ್ಲೇನ್ರಿ ಮಾವಾರ?" ಮುಂದಿನಿಂದ ಉಮಾಪತಿ ಕೂಗಿದ.

ಗುರುಲಿಂಗಮ್ಮ ಅವನ ಪಕ್ಕದ ಸೀಟಿನಲ್ಲಿ, ಶಾಲಿನೊಳಗೆ, ಎದುರಿಗೆ ಮಾತ್ರ ನೋಡುತ್ತ ಕುಳಿತಿದ್ದಳು.

"ಬ್ಯಾಡೋ," ದೇವೇಂದ್ರಪ್ಪ ಸೆರಗಿಲ್ಲದ್ದಕ್ಕೆ ತೋಳಿನಿಂದ ಕಣ್ಣೊರೆಸಿಕೊಂಡು ಕೂಗಿದ. "ಇನ್ನೂ ಹಿಡಿಯಾಂಗಿಲ್ಲ. ಊರು ದಾಟಲಿ."